ತೆರೆ ಹರಿಯುವವರು, ತೆರೆ ಹೊಲಿಯುವವರು

ನಮ್ಮ ಮನೆಯ ಪಡಸಾಲೆಯಲ್ಲಿ ಮನುಷ್ಯರು ಕೂರುವಂತಿರಲಿಲ್ಲ. ತಿರುವನಂತಪುರದ ಸರ್ಕಾರಿ ಕ್ವಾರ್ಟರ್ಸು ಅದು. ಮುಂದೊಂದು ಕೋಣೆ, ನಡುವೆ ಒಂದು, ಹಿಂದೆ ಅಡುಗೆಮನೆ, ಅಷ್ಟೇ. ಅಕ್ಕಪಕ್ಕದವರ ಮುಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿ, ಟೀವಿ, ಬಂದವರಿಗೆ ಕೂರಲು ಜಾಗ ಇರುತ್ತಿತ್ತು. ನಮ್ಮಲ್ಲಿ ಗುಡಾರ ಇತ್ತು. ಇಸ್ರಾಯೇಲರು ಐಗುಪ್ತ ಅಂದರೆ ಈಜಿಪ್ಟಿನ ಗುಲಾಮಗಿರಿ ಬಿಟ್ಟು ಹೊರಟು ಅರಣ್ಯದಲ್ಲಿ ಅಲೆಯುವಾಗ, ದೇವರೇ ಅಳತೆ ಹೇಳಿ ಮೋಶೆಯ ಕೈಯಲ್ಲಿ ಕಟ್ಟಿಸಿಕೊಂಡ ದೇವದರ್ಶನದ ಗುಡಾರ. ನಮ್ಮಪ್ಪ ಅದನ್ನು ಒಂದು ಮೊಳಕ್ಕೆ ಎರಡು ಅಂಗುಲದ ಲೆಕ್ಕದಲ್ಲಿ ಕಿರಿದು ಮಾಡಿ, ಮರ, ಹಿತ್ತಾಳೆ, ಬಟ್ಟೆಗಳಿಂದ ಕಟ್ಟಿ, ಉದ್ದನೆಯ ಮೇಜಿನ ಮೇಲೆ ನಿಲ್ಲಿಸಿದ್ದರು. ಮನೆಗೆ ಬಂದವರು ನಡುವಿನ ಕೋಣೆಯಲ್ಲಿ ನಮ್ಮ ಹಾಸಿಗೆಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು, ನನ್ನ ತಮ್ಮ ಸಾಮು ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಓದಿ ಪಾಸಾದವರು. ಈಗ ಆಲುವದ ನನ್ನ ಫ್ಲ್ಯಾಟಿಗೆ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ಬರುತ್ತಾರೆ. "ಆಂಟಿ, ನಿಮಗೆ ಈ ಪರಿ ಬಾಯಿ ಎಲ್ಲಿಂದ ಬಂತು?" ಅಂತ ಕೇಳುತ್ತಾರೆ. ಬಾಯಿ ಹುಟ್ಟುತ್ತಲೇ ಇತ್ತು. ಅದನ್ನು ತೆರೆಯಲು ಜಾಗ ಇರಲಿಲ್ಲ. ಆ ಜಾಗಕ್ಕಾಗಿ ಮಾಡಿದ ಜಗಳವನ್ನು ಇಲ್ಲಿ ಬರೆಯುತ್ತಿದ್ದೇನೆ. ಪಶ್ಚಾತ್ತಾಪ ಪಡುತ್ತೇನೆಂದು ಕಾಯುವವರು ಪುಟ ಮಗುಚಬಹುದು.

ಅಪ್ಪ ಗದಗ-ಬೆಟಗೇರಿಯವರು. ಬಾಹ್ಯಾಕಾಶ ಕೇಂದ್ರದಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕು ತಿರುವನಂತಪುರಕ್ಕೆ ಬಂದಿದ್ದರು. ಅಳತೆಯ ಮನುಷ್ಯ, ಗೋಡೆಗೆ ಕ್ಯಾಲೆಂಡರ್ ತೂಗು ಹಾಕುವಾಗಲೂ ಸ್ಕೇಲು ಹಿಡಿಯುತ್ತಿದ್ದರು. ಊಟಕ್ಕೆ ಕೂತಾಗ ಬೇರೆ ಮನೆಗಳಲ್ಲಿ ಆಫೀಸಿನ ಮಾತು, ಸಂಬಳದ ಮಾತು. ನಮ್ಮಲ್ಲಿ ಗುಡಾರದ ಮಾತು. ಅದರ ಒಂದೊಂದು ಗೂಟವೂ ಮುಂದೆ ಬರಲಿದ್ದ ಕ್ರಿಸ್ತನ ಗುರುತು ಎಂಬುದು ಅವರ ನಂಬಿಕೆ. ಕಂಬಗಳಿಗೆ ಜಾಲೀಮರವೇ ಆಗಬೇಕೆಂದು ಬೆಟಗೇರಿಯಿಂದ ರೈಲಿನಲ್ಲಿ ಜಾಲಿಯ ತುಂಡುಗಳನ್ನು ಹೊತ್ತು ತಂದರು. ಮರ ಆತನ ಮನುಷ್ಯತ್ವ, ಮೇಲೆ ಬಂಗಾರವೆಂದು ಹೊದಿಸಿದ ಹಿತ್ತಾಳೆ ಆತನ ದೈವತ್ವ. ಚಾಲೈ ಪೇಟೆಯ ದಾರದಂಗಡಿಯಿಂದ ನೀಲಿ, ಊದಾ, ಕೆಂಪು ದಾರ ಬಂದವು. ನೀಲಿ ಆತ ಇಳಿದು ಬಂದ ಪರಲೋಕ, ಊದಾ ಅರಸುತನ, ಕೆಂಪು ಸುರಿದ ರಕ್ತ, ಬಿಳಿಯ ಬಟ್ಟೆ ಪಾಪವಿಲ್ಲದ ಬಾಳು. ಅಂಗಳಕ್ಕೆ ಬಾಗಿಲು ಒಂದೇ, ಯಾಕೆಂದರೆ ಆತನೇ ಬಾಗಿಲು. ದಾಟಿದರೆ ಯಜ್ಞವೇದಿ, ಅದು ಶಿಲುಬೆ. ಆಮೇಲೆ ಕೈಕಾಲು ತೊಳೆಯುವ ತಾಮ್ರದ ತೊಟ್ಟಿ. ಗುಡಾರದೊಳಗೆ ಒಂದು ಪಕ್ಕ ದೀಪಸ್ತಂಭ, ಇನ್ನೊಂದು ಪಕ್ಕ ರೊಟ್ಟಿಯ ಮೇಜು, ನಡುವೆ ಧೂಪವೇದಿ. ಅದರಾಚೆ ತೆರೆ. ತೆರೆಯ ಹಿಂದೆ ಮಹಾಪವಿತ್ರಸ್ಥಾನ, ಅಲ್ಲಿ ದೇವರ ಮಂಜೂಷ, ಹತ್ತು ಆಜ್ಞೆಗಳ ಕಲ್ಲುಗಳನ್ನಿಟ್ಟ ಪೆಟ್ಟಿಗೆ. ಇವೆಲ್ಲವನ್ನೂ ಒಂದು ಕೆಂಪು ದಾರದಿಂದ ಸೇರಿಸಿದರೆ ಶಿಲುಬೆಯ ಆಕಾರ ಬರುತ್ತದೆ. ಅಪ್ಪ ಮೊದಲ ಸಲ ಆ ದಾರ ಎಳೆದು ತೋರಿಸಿದಾಗ ನನಗೆ ಮೈ ಜುಮ್ಮೆಂದಿತ್ತು. ಈಗ ನೆನೆದರೂ ಜುಮ್ಮೆನ್ನುತ್ತದೆ. ಅಪ್ಪನ ಮೇಲೆ ನನಗೆ ಬೇಕಾದಷ್ಟು ಸಿಟ್ಟಿದೆ, ಗುಡಾರದ ಮೇಲಿಲ್ಲ. ಅದರ ಮೇಲೆ ನನಗೆ ಪ್ರಾಣ. ಇಲ್ಲದಿದ್ದರೆ ಅಷ್ಟೊಂದು ಯಾಕೆ ಬಡಿದಾಡುತ್ತಿದ್ದೆ?

ರೊಟ್ಟಿಯ ಮೇಜಿನ ಮೇಲೆ ರೊಟ್ಟಿ ಇರಲೇಬೇಕಲ್ಲ. ಪ್ರತಿ ಶನಿವಾರ ಅವ್ವ ನಾಣ್ಯದಷ್ಟಗಲದ ಹನ್ನೆರಡು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟು ಅಲ್ಲೇನು ಸಿಗುತ್ತದೆ? ಊರಿಂದ ಯಾರಾದರೂ ಬಂದರೆ ಒಂದು ಚೀಲ ಬರುತ್ತಿತ್ತು, ಅದನ್ನು ತಿಂಗಳುಗಟ್ಟಲೆ ಎಳೆಯಬೇಕು. ನಮ್ಮ ತಟ್ಟೆಗೆ ಕೆಂಪಕ್ಕಿ ಅನ್ನ, ಕಪ್ಪ ಅನ್ನುವ ಮರಗೆಣಸು, ಮತ್ತಿ ಮೀನಿನ ಸಾರು. ದೇವರ ಮೇಜಿಗೆ ಜೋಳದ ರೊಟ್ಟಿ. ವಾರ ಕಳೆದ ಹಳೆಯ ರೊಟ್ಟಿಗಳನ್ನು ಮೊದಲ ಮಹಾಯಾಜಕ ಆರೋನನ ಗಂಡುಮಕ್ಕಳು ಮಾತ್ರ ತಿನ್ನಬೇಕೆಂದು ಬರೆದಿದೆಯಂತೆ. ಹಾಗಾಗಿ ನಮ್ಮ ಮನೆಯಲ್ಲಿ ಅಪ್ಪ ಮತ್ತು ಸಾಮು ಮಾತ್ರ ತಿನ್ನುತ್ತಿದ್ದರು. ಸಾಮುವಿಗೋ ಅದು ಬೇಡ. ಒಣಗಿ ಹಪ್ಪಳವಾದದ್ದು, ಬಾಯಲ್ಲಿಟ್ಟು ಮುಖ ಕಿವುಚುತ್ತಿದ್ದ. ಬೇಕಾಗಿದ್ದವಳು ನಾನು. ಒಂದು ಶನಿವಾರ ಅಪ್ಪನ ಎದುರಿಗೇ ಒಂದೆತ್ತಿ ಬಾಯಿಗೆ ಹಾಕಿಕೊಂಡೆ.

"ಏ ಪ್ರೇಮಾ! ಅದು ಗಂಡಮಕ್ಕಳಿಗೆ ಅಂತ ಎಷ್ಟು ಸಲ ಹೇಳಬೇಕು?"

"ಬಡದಾಕಿ ಅವ್ವ, ಅಪ್ಪಾ. ಆಕಿ ಮಗಳು ನಾನು."

ಕಪಾಳಕ್ಕೆ ಒಂದು ಬಿತ್ತು. ರೊಟ್ಟಿ ಆಗಲೇ ಹೊಟ್ಟೆ ಸೇರಿತ್ತು. ಸಿಡಿಲೇನೂ ಬೀಳಲಿಲ್ಲ, ಹೊಟ್ಟೆ ಕೂಡ ನೋಯಲಿಲ್ಲ.

ತಿರುವನಂತಪುರದಲ್ಲಿ ಹಾಗೂ ಕೊಚ್ಚಿಯಲ್ಲಿ ವರ್ಗವಾಗಿ ಬಂದ ಕನ್ನಡದ ಕ್ರೈಸ್ತ ಕುಟುಂಬಗಳು ಆಗ ಬೆರಳೆಣಿಕೆಯಷ್ಟಿದ್ದವು. ವರ್ಷಕ್ಕೊಮ್ಮೆ ಎಲ್ಲರೂ ಎರ್ನಾಕುಲಂನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಕೂಟ ನಡೆಸುತ್ತಿದ್ದೆವು. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಚಾಪೆ. ಹಾಡು, ಪ್ರಾರ್ಥನೆ, ಊಟ ಮುಗಿದ ಮೇಲೆ ಅಪ್ಪನ ಗುಡಾರ. ಅದನ್ನು ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿ ರೈಲಿನಲ್ಲಿ ಒಯ್ದು, ಹಾಲಿನ ನಡುವೆ ಅಂಗಳದ ಪರದೆ ಸಮೇತ ನಿಲ್ಲಿಸಿ, ಅಪ್ಪ ಬಾಗಿಲಿಂದ ಮಂಜೂಷದವರೆಗೆ ಒಂದೊಂದರ ಅರ್ಥ ಬಿಡಿಸಿ ಹೇಳುತ್ತಿದ್ದರು. ಎಲ್ಲರೂ ಕಾಯುತ್ತಿದ್ದದ್ದು ಕೊನೆಗಾಗಿ. ಹಳೆಯ ಕಾಲದಲ್ಲಿ ಆ ತೆರೆ ದಾಟಿ ಒಳಗೆ ಹೋಗುವ ಹಕ್ಕು ಮಹಾಯಾಜಕನೊಬ್ಬನಿಗೆ, ಅದೂ ವರ್ಷಕ್ಕೊಂದು ದಿನ. ಮುಂದೆ ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಗಳಿಗೆಯಲ್ಲಿ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು. ಹರಿದದ್ದು ಆತನ ದೇಹ, ತೆರೆದದ್ದು ಎಲ್ಲರಿಗೂ ದಾರಿ. ಇದನ್ನು ಹೇಳುತ್ತ ಅಪ್ಪ ತೆರೆಯ ಮೇಲಂಚು ಹಿಡಿದು ಒಮ್ಮೆಲೇ ಎಳೆಯುತ್ತಿದ್ದರು. ಪರ್ರನೆ ಎರಡು ಹೋಳು. ಒಳಗೆ ಬಂಗಾರದ ಮಂಜೂಷ. ಹಾಲ್ ತುಂಬ "ಆಮೆನ್".

ತೆರೆ ಅಷ್ಟು ಚೆಂದ ಹರಿಯುತ್ತಿದ್ದದ್ದು ಹೇಗೆ ಅಂತ ಯಾರೂ ಕೇಳುತ್ತಿರಲಿಲ್ಲ. ಅವ್ವ ಬೆಟಗೇರಿಯ ನೇಕಾರರ ಮನೆಯ ಮಗಳು. ಆ ತೆರೆಯನ್ನು ಎರಡು ತುಂಡಾಗಿ ಮಾಡಿ, ನಡುವೆ ಹಗುರವಾದ ಕಚ್ಚಾ ಹೊಲಿಗೆ ಹಾಕಿ, ಮೇಲೆ ಕೆರೂಬಿ ದೂತರ ಕಸೂತಿ ಬಿಡಿಸಿದ್ದಳು. ದೂರದಿಂದ ನೋಡಿದರೆ ಒಂದೇ ಬಟ್ಟೆ. ಕೂಟ ಮುಗಿಸಿ ಮನೆಗೆ ಬಂದ ಮಾರನೆಯ ದಿನ ಅಪ್ಪ ಹರಿದ ತೆರೆಯನ್ನು ಅವಳ ಮಡಿಲಿಗೆ ಹಾಕುತ್ತಿದ್ದರು. ಅವ್ವ ಮುಂದಿನ ವರ್ಷ ಹರಿಯಲಿ ಅಂತ ಮತ್ತೆ ಹೊಲಿಯುತ್ತಿದ್ದಳು. ಇದು ನಮ್ಮ ಮನೆಯ ಪದ್ಧತಿ. ಚಿಕ್ಕವಳಿದ್ದಾಗ ನನಗೂ ಇದರಲ್ಲಿ ವಿಚಿತ್ರ ಕಂಡಿರಲಿಲ್ಲ.

ಕಂಡದ್ದು ಕನ್ನಡಿಯ ಜಗಳದ ದಿನ. ಗುಡಾರದಲ್ಲಿ ಎಲ್ಲದಕ್ಕೂ ಉದ್ದ ಅಗಲವೋ ತೂಕವೋ ಬರೆದಿದೆ, ತಾಮ್ರದ ತೊಟ್ಟಿಗೆ ಮಾತ್ರ ಅಳತೆಯೂ ಇಲ್ಲ, ತೂಕವೂ ಇಲ್ಲ. ಅಳತೆಯಿಲ್ಲದ ವಸ್ತುವಿನ ನಕ್ಷೆ ಬರೆಯುವುದು ಹೇಗೆಂದು ಅಪ್ಪ ಒಂದು ವರ್ಷ ಒದ್ದಾಡಿದರು. ಬರೆದಿರುವುದು ಇಷ್ಟೇ: ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ಕನ್ನಡಿಗಳಿಂದ ಅದನ್ನು ಮಾಡಿದರು. ಆ ಕಾಲದ ಕನ್ನಡಿ ಗಾಜಿನದಲ್ಲ, ಉಜ್ಜಿ ಹೊಳಪು ಬರಿಸಿದ ಲೋಹದ್ದು. ಅಂಥದೇ ಲೋಹದ ಕನ್ನಡಿ ನಮ್ಮ ಮನೆಯಲ್ಲೊಂದಿತ್ತು. ಪಕ್ಕದ ಮನೆಯ ಶಾರದ ಚೇಚಿ ಕ್ವಾರ್ಟರ್ಸು ಬಿಟ್ಟು ಹೋಗುವಾಗ ಅವ್ವನ ಕೈಯಲ್ಲಿಟ್ಟು ಹೋಗಿದ್ದ ಆರನ್ಮುಳ ಕನ್ನಡಿ. ಅಂಗೈಯಗಲ, ಹಿತ್ತಾಳೆಯ ಚೌಕಟ್ಟು, ಮುಖ ನೋಡಿದರೆ ನೀರಲ್ಲಿ ನೋಡಿದ ಹಾಗೆ. ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ಕೈ ಚಾಚಿದರು.

"ಅದನ್ನ ಕೊಡು. ತೊಟ್ಟಿ ಮ್ಯಾಲೆ ಕುಂದರಸಿದ್ರ ನೀರಿನಂಗ ಹೊಳೀತೈತಿ."

"ನನಗ ಇರೂದು ಅದೊಂದ ಕನ್ನಡಿ. ನಿಮ್ಮ ಗಡ್ಡದ ಕನ್ನಡಿ ತಗೋರಿ."

"ಅದು ಗಾಜು. ಆ ಕಾಲದ ಹೆಣ್ಣಮಕ್ಕಳು ಕೊಟ್ಟಾರಲ್ಲ, ನಿನಗೇನ ಧಾಡಿ?"

"ಅವರು ತಾವಾಗಿ ಕೊಟ್ಟರು. ಮೋಶೆ ಬಂದು ಅಡಗಿಮನಿ ಬಾಗಲದಾಗ ಕೈ ಚಾಚಿ ನಿಂತಿದ್ದನೇನು?"

ಅಪ್ಪ ಎರಡು ದಿನ ಊಟದ ಹೊತ್ತಿಗೆ ಮಾತಾಡಲಿಲ್ಲ. ಮೂರನೆಯ ದಿನ ಅವ್ವ ತಾನೇ ಕನ್ನಡಿಯನ್ನು ಚೌಕಟ್ಟಿನಿಂದ ಬಿಡಿಸಿ ತಂದು ಮೇಜಿನ ಮೇಲಿಟ್ಟಳು.

"ಅಳತಿ ಯಾಕ ಬರದಿಲ್ಲ ಗೊತ್ತೈತೇನ್ರಿ? ಹೆಣ್ಣಮಕ್ಕಳು ಎಷ್ಟು ಕೊಟ್ಟರೋ ಅಷ್ಟು ದೊಡ್ಡದಾತು, ಅದಕ್ಕ. ತಗೋರಿ. ಆದ್ರ ಸಭಾದಾಗ ಹೇಳೂ ಮುಂದ ಕನ್ನಡಿ ಕೊಟ್ಟವರು ಯಾರು ಅನ್ನೂದನ್ನೂ ಹೇಳಬೇಕು."

"ಹೇಳ್ತೀನಿ ಬಿಡು."

ಹೇಳಲಿಲ್ಲ. ಆ ವರ್ಷ ಎರ್ನಾಕುಲಂನಲ್ಲಿ ಅಪ್ಪ ತೊಟ್ಟಿ ತೋರಿಸಿ, ಕನ್ನಡಿ ಅಂದರೆ ದೇವರ ವಾಕ್ಯ, ಅದು ನಮ್ಮ ಕೊಳೆ ತೋರಿಸುತ್ತದೆ, ನೀರು ತೊಳೆಯುತ್ತದೆ ಅಂದರು. ಬಹಳ ಚೆನ್ನಾಗಿ ಹೇಳಿದರು. ಹೆಂಗಸರ ಮಾತು ಬರಲೇ ಇಲ್ಲ. ನಾನು ಚಾಪೆಯ ಮೇಲೆ ಅವ್ವನ ಪಕ್ಕ ಕೂತಿದ್ದೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಂದಿನಿಂದ ಅವಳು ಅಪ್ಪನ ಗಡ್ಡದ ಕನ್ನಡಿಯಲ್ಲೇ ತಲೆ ಬಾಚುತ್ತಿದ್ದಳು. ಅದನ್ನು ಅಪ್ಪನ ಎತ್ತರಕ್ಕೆ ಗೋಡೆಗೆ ಹೊಡೆದಿದ್ದರಿಂದ ತುದಿಗಾಲ ಮೇಲೆ ನಿಲ್ಲಬೇಕಿತ್ತು. ಅವಳು ಹಾಗೆ ನಿಂತದ್ದನ್ನು ಬೆಳಬೆಳಗ್ಗೆ ನೋಡುತ್ತಿದ್ದೆ. ಈ ಗುಡಾರದ ಕಥೆಯನ್ನು ಒಂದಲ್ಲ ಒಂದು ದಿನ ನಾನು ಹೇಳುತ್ತೇನೆ, ಬಾಗಿಲಿಂದ ಮಂಜೂಷದವರೆಗೆ ಪೂರ್ತಿ ಹೇಳುತ್ತೇನೆ ಅಂತ ಅಂದುಕೊಂಡೆ. ಆಗ ನಾನು ಹೈಸ್ಕೂಲಿನಲ್ಲಿದ್ದೆ.

ಮನಸ್ಸಿನಲ್ಲಿಟ್ಟುಕೊಳ್ಳುವ ಜಾತಿಯಲ್ಲ ನಾನು. ಮುಂದಿನ ಕೂಟ ಹತ್ತಿರ ಬಂದಾಗ ಊಟಕ್ಕೆ ಕೂತಿದ್ದ ಅಪ್ಪನನ್ನು ನೇರವಾಗಿ ಕೇಳಿದೆ.

"ಅಪ್ಪಾ, ಈ ಸಲ ಗುಡಾರದ್ದು ನಾ ಹೇಳ್ತೀನಿ. ನನಗ ಎಲ್ಲಾ ಬರ್ತೈತಿ."

"ಬರ್ತೈತಿ ಅಂತ ಗೊತ್ತೈತಿ. ಮನ್ಯಾಗ ಹೇಳಕೋ. ಸಭಾದಾಗ ಹೆಣ್ಣಮಕ್ಕಳು ಹೇಳೂ ಪದ್ಧತಿ ಇಲ್ಲ. ನನ್ನ ಹಿಂದ ಸಾಮು ಹೇಳ್ತಾನ."

ಸಾಮು ಅನ್ನ ಕಲೆಸುವುದನ್ನು ಬಿಟ್ಟು ತಲೆಯೆತ್ತಿದ. ಪಾಪ, ಅವನ ಕನ್ನಡ ಅವ್ವನ ಬೈಗುಳ ಅರ್ಥ ಮಾಡಿಕೊಳ್ಳುವಷ್ಟು. ನಾವು ಕನ್ನಡದಲ್ಲಿ ಕೇಳಿದರೆ ಅವನು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದ, ಅಕ್ಕ ಅನ್ನುವ ಬದಲು ನನ್ನನ್ನು ಚೇಚಿ ಅನ್ನುತ್ತಿದ್ದ. ಅವ್ವ ಸಾರಿನ ಸೌಟನ್ನು ಪಾತ್ರೆಯಲ್ಲಿ ಬಡಿದಳು.

"ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ, ನೋಡು ಮಗಳ."

"ಏನಂದಿ? ನಮ್ಮೊಳಗ ಪೂಜಾರಿ ಎಲ್ಲಿಂದ ಬಂದ?" ಅಪ್ಪ ಗದರಿದರು.

"ಅದನ್ನ ನಾನೂ ಕೇಳಾಕತ್ತೀನಿ," ಅಂದಳು ಅವ್ವ.

ಆ ವರ್ಷವೇ ಅಪ್ಪನ ಗಂಟಲು ಕಟ್ಟಿತು. ಕೂಟಕ್ಕೆ ಇನ್ನೇನು ಹೊರಡಬೇಕು, ದನಿಯೇ ಇಲ್ಲ. ಡಾಕ್ಟರು ಪಿಸುಗುಟ್ಟುವುದೂ ಬೇಡ ಅಂದರು. ದೇವರು ನನಗಾಗಿಯೇ ಮಾಡಿದ್ದಾನೆ ಅಂತ ನಾನು ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಸನ್ನೆಯಲ್ಲೇ ಸಾಮುವನ್ನು ತೋರಿಸಿದರು. ನಾನು ಕೂಗಾಡಿದೆ, ಅವ್ವ ಕೂಗಾಡಿದಳು. ದನಿ ಇಲ್ಲದವರ ಜೊತೆ ಜಗಳಾಡಿ ಗೆಲ್ಲುವುದು ಸಾಧ್ಯವೇ? ಅವರು ಮೇಜಿಗೆ ಅಂಗೈ ಬಡಿದು ಎದ್ದುಹೋದರು. ಮುಗಿಯಿತು. ರೈಲಿನಲ್ಲಿ ಎರ್ನಾಕುಲಂ ತನಕ ಸಾಮು ನನ್ನ ಪಕ್ಕ ಕೂತು ತುಟಿ ಅಲ್ಲಾಡಿಸುತ್ತ ಪಾಠ ಒಪ್ಪಿಸಿದ. ನಾನೇ ತಿದ್ದಿಕೊಟ್ಟೆ. ಅವನ ಮೇಲೆ ನನಗೇನು ದ್ವೇಷ?

ಹಾಲಿನಲ್ಲಿ ಗುಡಾರದ ಬಾಗಿಲ ಬಳಿ ನಿಂತು ಸಾಮು ಶುರು ಮಾಡಿದ. ಅಪ್ಪ ಪಕ್ಕದಲ್ಲಿ ನಿಂತು ಕೋಲಿನಿಂದ ಒಂದೊಂದನ್ನೇ ತೋರಿಸುತ್ತಿದ್ದರು.

"ಇದು ವಾದಿಲ್... ಅಲ್ಲ, ಬಾಗಲ. ಬಾಗಲ ಒಂದ. ಪಿನ್ನೆ... ಇದು ಯಾಗಪೀಠಂ. ಇಲ್ಲಿ ಕುರಿಮರಿ... ಪಿನ್ನೆ..."

ಆಮೇಲೆ ಅನ್ನಲು ಮಲಯಾಳದ "ಪಿನ್ನೆ" ಎರಡನೆಯ ಸಲ ಬಂದಾಗ ಕುರ್ಚಿಗಳ ಕಡೆಯಿಂದ ನಗು ಬಂತು. ಸಾಮುವಿನ ಕಣ್ಣಲ್ಲಿ ನೀರು ತುಂಬಿತು.

"ಎನಿಕ್ಕ್ ಪಟ್ಟಿಲ್ಲ," ತನ್ನ ಕೈಲಾಗದು ಅಂತ ಮಲಯಾಳದಲ್ಲೇ ಅಂದುಬಿಟ್ಟ. "ಚೇಚಿಗೆ ಬರ್ತೈತಿ. ಚೇಚಿ ಹೇಳ್ಲಿ."

ಹೇಳಿ ಹೋಗಿ ಅವ್ವನ ಬೆನ್ನ ಹಿಂದೆ ಕೂತ. ಸಭೆಯ ಹಿರಿಯರಾದ ಯೋಹಾನಪ್ಪನವರ ಮುಖದಲ್ಲಿ ಇನ್ನೊಂದು ಹಾಡು ಹಾಡಿ ಮುಗಿಸೋಣ ಎಂಬ ಭಾವ ಕಂಡಿತು. ಅವರು ಬಾಯಿ ತೆರೆಯುವ ಮೊದಲೇ ನಾನು ಚಾಪೆಯಿಂದ ಎದ್ದೆ. ಯಾರೂ ಕರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಬಾಗಿಲ ಹತ್ತಿರ ಹೋಗಿ ನಿಂತು ಹೇಳಲು ಶುರು ಮಾಡಿದೆ. ಅಪ್ಪನ ಕೋಲು ಅಲ್ಲಾಡಲಿಲ್ಲ. ನಾನು ಕೈಯಿಂದಲೇ ತೋರಿಸಿದೆ. ಬಾಗಿಲು ಒಂದೇ, ಗಂಡಸರಿಗೊಂದು ಹೆಂಗಸರಿಗೊಂದು ಅಂತ ಎರಡು ಬಾಗಿಲು ಇರಲಿಲ್ಲ ಅಂದೆ. ಯಜ್ಞವೇದಿ ಹೇಳಿದೆ. ತೊಟ್ಟಿಯ ಹತ್ತಿರ ಬಂದಾಗ ಇದು ಹೆಂಗಸರ ಕನ್ನಡಿಗಳಿಂದ ಆದದ್ದು, ಅವರು ಮುಖ ನೋಡಿಕೊಳ್ಳುವುದನ್ನು ಬಿಟ್ಟು ಕೊಟ್ಟದ್ದು, ಈ ಹೊಳೆಯುವ ಬಿಲ್ಲೆ ನಮ್ಮವ್ವನದು ಅಂದೆ. ಹೆಂಗಸರ ಚಾಪೆಯ ಕಡೆ ಗುಸುಗುಸು ಎದ್ದಿತು. ಗುಡಾರದ ತೆರೆಗಳಿಗೆ ನೂಲು ತೆಗೆದವರು, ಆಡಿನ ಕೂದಲನ್ನು ಹೊಸೆದವರು ಹೆಂಗಸರೇ ಅಂತ ಬರೆದಿದೆ, ಅದನ್ನೂ ಹೇಳಿದೆ. ದೀಪ, ರೊಟ್ಟಿ, ಧೂಪ ಎಲ್ಲ ಆಯಿತು. ಕೆಂಪು ದಾರ ಎಳೆದು ಶಿಲುಬೆ ತೋರಿಸಿದೆ. ನನ್ನ ದನಿ ಎಲ್ಲೂ ನಡುಗಲಿಲ್ಲ. ಹಾಗೆ ಹೇಳುತ್ತ ತೆರೆಯ ಮುಂದೆ ಬಂದು ಮೇಲಂಚಿಗೆ ಕೈ ಹಾಕಿದೆ. ಯೋಹಾನಪ್ಪನವರು ಎದ್ದು ನಿಂತರು.

"ಸಾಕು ತಂಗಿ. ಇಲ್ಲೀತನಕ ಛಲೋ ಹೇಳಿದಿ. ತೆರೆ ಹರಿಯೂದು ಯಾಜಕರ ಕೆಲಸ. ಹೆಣ್ಣಮಕ್ಕಳು ಅಲ್ಲಿ ಕೈ ಹಾಕಬಾರದು."

"ಅಜ್ಜಾರ, ಯೇಸುಸ್ವಾಮಿ ಪ್ರಾಣ ಬಿಟ್ಟಾಗ ತೆರೆ ಹರೀತಲ್ಲ, ಅದನ್ನ ಯಾವ ಯಾಜಕ ಹರದಾ? ಹೇಳ್ರಿ."

ಅವರು ಅಪ್ಪನ ಕಡೆ ತಿರುಗಿದರು.

"ಮ್ಯಾಲಿಂದ ಕೆಳಗ ಹರೀತು, ಅಜ್ಜಾರ. ಯಾಜಕರೆಲ್ಲ ಕೆಳಗ ನಿಂತಿದ್ರು."

ಆಗ ಅಪ್ಪ ಕೋಲು ಕೆಳಗಿಟ್ಟು ನನ್ನ ಹತ್ತಿರ ಬಂದರು. ನನ್ನ ಭುಜದ ಮೇಲೆ ಕೈಯಿಟ್ಟು ತಲೆಯಾಡಿಸುತ್ತಾರೆ ಅಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ. ಅಪ್ಪ ನನ್ನ ಮಣಿಕಟ್ಟು ಹಿಡಿದು, ತೆರೆಯ ಮೇಲಿಂದ ನನ್ನ ಕೈ ತೆಗೆದು, ಪಕ್ಕಕ್ಕೆ ಸರಿಸಿ, ತಾವೇ ಪರ್ರನೆ ಹರಿದರು. ಎಲ್ಲರೂ "ಆಮೆನ್" ಅಂದರು. ನಾನು ಅನ್ನಲಿಲ್ಲ. ಕೊನೆಯ ಮಾತು ಹೇಳದೆಯೇ ಉಳಿಯಿತು, ಎಲ್ಲರಿಗೂ ದಾರಿ ತೆರೆಯಿತು ಎಂಬ ಮಾತು. ಅದನ್ನು ಹೇಳಬೇಕಾದ ಹೊತ್ತಿನಲ್ಲೇ ನನ್ನನ್ನು ಪಕ್ಕಕ್ಕೆ ತಳ್ಳಿದ್ದರು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಒಳ್ಳೆಯವರು, ನನ್ನನ್ನು ಓದಿಸಿದವರು. ಆದರೂ ಆ ಮಣಿಕಟ್ಟಿನ ಸಿಟ್ಟನ್ನು ನಾನು ಬಿಟ್ಟಿಲ್ಲ. ಬಿಡಬೇಕೆಂದು ಅನಿಸಿಯೂ ಇಲ್ಲ.

ಮನೆಗೆ ಬಂದ ಮೇಲೆ ನಾಲ್ಕಾರು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಅಪ್ಪನಿಗೆ ಸುಮ್ಮನಿರಲು ಡಾಕ್ಟರರ ನೆಪವಿತ್ತು, ನಮಗೆ ಅದೂ ಬೇಕಾಗಿರಲಿಲ್ಲ. ಒಂದು ಭಾನುವಾರ ಅವ್ವ ಅಡುಗೆಮನೆಯಲ್ಲಿ ಕೂತು ಮತ್ತಿ ಮೀನು ಹಸನು ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಅಪ್ಪ ಬಂದು ಹರಿದ ತೆರೆಯನ್ನು ಅವಳ ಮುಂದಿನ ಮಣೆಯ ಮೇಲಿಟ್ಟರು. ದನಿ ಅಂದೇ ವಾಪಸು ಬಂದಿತ್ತು.

"ಹೊಲಿ."

"ಕೈ ಮೀನಿನ್ವು ಅದಾವ," ಅವ್ವ ತಲೆ ಎತ್ತಲಿಲ್ಲ.

"ತೊಳಕೊಂಡು ಹೊಲಿ."

"ತೊಳಕೊಂಡೂ ಹೊಲಿಯಂಗಿಲ್ಲ. ದೇವರು ಒಮ್ಮಿ ಹರದಾನ. ಅವಾ ಹರದದ್ದನ್ನ ವರ್ಷಾ ವರ್ಷಾ ನಾ ಹೊಲಕೋತ ಕುಂತೆ, ನೀವು ಹರಕೋತ ನಿಂತ್ರಿ. ಇನ್ನ ನನ್ನ ಕಡೆ ಆಗಂಗಿಲ್ಲ. ಮಗಳ ಕೈ ತಗದ್ರಲ್ಲ, ಆ ಕೈಲೇ ಹೊಲೀರಿ."

ಅಪ್ಪ ತೆರೆ ಎತ್ತಿಕೊಂಡು ಹೋದರು. ಮಾರನೆಯ ದಿನ ಆಫೀಸಿನಿಂದ ಬಂದ ಮೇಲೆ ಪಡಸಾಲೆಯ ದೀಪದಡಿ ಕೂತು, ಕನ್ನಡಕ ಮೂಗಿಗೆ ಇಳಿಸಿಕೊಂಡು, ಸೂಜಿ ಹಿಡಿದರು. ಹಿಡಿದ ಕೆಲಸವನ್ನು ಅರೆಬರೆ ಮಾಡುವವರಲ್ಲ. ಎರಡೆಳೆ ನೈಲಾನ್ ದಾರ ತಂದು, ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ ಹಾಕಿ, ಹೋದ ದಾರಿಯಲ್ಲೇ ಮತ್ತೊಂದು ಸಾಲು ಹೊಲಿದರು. ಮುಗಿದ ದಿನ ಅವ್ವನಿಗೆ ಕಾಣುವಂತೆ ಹರಡಿಟ್ಟರು. ಅವ್ವ ಹೊಲಿಗೆಯ ಮೇಲೆ ಬೆರಳಾಡಿಸಿದಳು, ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಹಿಂದೆ ಹೋಗಿ ನೋಡಿದೆ. ಅವಳ ಭುಜ ಕುಣಿಯುತ್ತಿತ್ತು. ನಗುತ್ತಿದ್ದಳು. ಯಾಕೆ ಅಂತ ಕೇಳಿದರೆ "ನಿಮ್ಮಪ್ಪಗ ಹೊಲಿಗಿ ಛಲೋ ಬರ್ತೈತಿ" ಅಂದಳು, ಅಷ್ಟೇ.

ಮುಂದಿನ ವರ್ಷ ಎರ್ನಾಕುಲಂಗೆ ನಾನು ಬರುವುದಿಲ್ಲ ಅಂದಿದ್ದೆ. ಅವ್ವ ಬಿಡಲಿಲ್ಲ, "ಬಾ, ನೋಡೂಣಂತ" ಅಂತ ಎಳೆದುಕೊಂಡು ಹೋದಳು. ಅಪ್ಪನ ದನಿ ಗಟ್ಟಿಯಾಗಿತ್ತು. ಬಾಗಿಲು, ವೇದಿ, ತೊಟ್ಟಿ, ದೀಪ, ಎಲ್ಲವೂ ಎಂದಿನಂತೆ. ಕನ್ನಡಿ ಕೊಟ್ಟವರ ಮಾತು ಎಂದಿನಂತೆ ಇಲ್ಲ. ನಾನು ಚಾಪೆಯ ಅಂಚು ಕೀಳುತ್ತ ಕೂತಿದ್ದೆ. ಕೊನೆಗೆ ಅಪ್ಪ ತೆರೆಯ ಮೇಲಂಚು ಹಿಡಿದು, "ಮ್ಯಾಲಿಂದ ಕೆಳಗಿನ ತನಕ..." ಅಂತ ದನಿ ಏರಿಸಿ ಎಳೆದರು. ತೆರೆ ಹರಿಯಲಿಲ್ಲ. ಸ್ವಲ್ಪ ಅಲ್ಲಾಡಿತು, ಅಷ್ಟೇ. ಅಪ್ಪ ಮತ್ತೊಮ್ಮೆ ಎಳೆದರು. ಅಲ್ಲಾಡಲೂ ಇಲ್ಲ. ಹಣೆಯಲ್ಲಿ ಬೆವರು ಬಂತು. ಮೂರನೆಯ ಸಲ ಎರಡೂ ಕೈ ಸೇರಿಸಿ ಬಲವಾಗಿ ಎಳೆದರು. ತೆರೆ ಇಡಿಯಾಗಿ ಕೈಗೆ ಬಂತು, ಅದರ ಜೊತೆ ಅದನ್ನು ಹೊತ್ತಿದ್ದ ಕಂಬಗಳು, ಕಂಬಗಳ ಜೊತೆ ಗೋಡೆಯ ಹಲಗೆಗಳು, ದಡಬಡ ಅಂತ ದೀಪಸ್ತಂಭ, ರೊಟ್ಟಿಯ ಮೇಜು ಎಲ್ಲ ಅಡ್ಡಬಿದ್ದವು. ನಾಣ್ಯದಷ್ಟಗಲದ ಜೋಳದ ರೊಟ್ಟಿಗಳು ಉರುಳಿ ಗಂಡಸರ ಕುರ್ಚಿಗಳ ಕೆಳಗೆ ಹೋದವು. ಮಕ್ಕಳು ಘೊಳ್ಳೆಂದು ನಕ್ಕರು. "ಅಯ್ಯೋ ದೈವಮೇ!" ಅಂತ ಸಾಮು ಕೂಗಿದ. ನನ್ನ ಪಕ್ಕದಲ್ಲಿ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅಪ್ಪ ಕೈಯಲ್ಲಿ ತೆರೆ ಹಿಡಿದು ನಿಂತಿದ್ದರು. ತಾವೇ ಹಾಕಿದ ಹೊಲಿಗೆಯನ್ನೇ ನೋಡುತ್ತಿದ್ದರು. ನಗು ಇಳಿದ ಮೇಲೆ ಹೆಂಗಸರ ಕಡೆ ತಿರುಗಿದರು.

"ಪ್ರೇಮಾ, ಬಾ ಇಲ್ಲಿ. ಕಂಬ ನಿಂದರಸು."

ನಾನು ಕೂತಲ್ಲಿಂದ ಏಳಲಿಲ್ಲ.

"ಕಂಬ ನಿಂದರಸಾಕ ಬರಂಗಿಲ್ಲಪ್ಪ. ಹೇಳಾಕಾದ್ರ ಬರ್ತೀನಿ."

"ಏನು ಮಾತವ್ವ ಇದು, ಹಡೆದ ತಂದಿಗೆ?" ಯೋಹಾನಪ್ಪನವರು ಧಡಕ್ಕನೆ ಎದ್ದು ಗುಡಾರದ ಹತ್ತಿರ ಬಂದರು. "ಒಂದು ಹಾಡು ಹಾಡಿ ಮುಗಸೂಣು ನಡೀರಿ."

ಯಾರೂ ಹಾಡಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದರು.

"ಎಲ್ಲೀತನಕ ಹೇಳ್ತೀ?"

"ಕಡೀತನಕ. ತೆರೆ ಹಿಂದಿಂದೂ ನಾನ ಹೇಳ್ತೀನಿ."

"ಏ, ಅದು ಹೆಂಗ..." ಅಂತ ಯೋಹಾನಪ್ಪನವರು ಶುರು ಮಾಡಿದರು. ಅಪ್ಪ ತೆರೆಯನ್ನು ಹೆಗಲಿಗೆ ಹಾಕಿಕೊಂಡು, ಬಗ್ಗಿ, ಬಿದ್ದ ಕಂಬವೊಂದನ್ನು ಎತ್ತಿ ಅದರ ಗುಣಿಯಲ್ಲಿ ನಿಲ್ಲಿಸಿದರು.

"ಹಂಗಾರ ಬಾ, ಹೇಳು. ಕಂಬ ನಾ ನಿಂದರಸ್ತೀನಿ."

ನಾನು ಎದ್ದು ಹೋದೆ. ಅಪ್ಪನ ಹೆಗಲಿನಿಂದ ತೆರೆಯನ್ನು ತೆಗೆದುಕೊಂಡೆ. ಅದನ್ನು ಮತ್ತೆ ನೇತುಹಾಕುವ ಮಾತೇ ಇರಲಿಲ್ಲ. ಇಡಲು ಜಾಗ ಹುಡುಕಿದೆ. ಮೇಜಿನ ಮೇಲೆ ಹಲಗೆ, ದೀಪ, ದಾರ ಎಲ್ಲ ಚೆಲ್ಲಾಪಿಲ್ಲಿ. ಎದುರಿಗೆ ಯೋಹಾನಪ್ಪನವರು ಕೈ ಚಾಚಿಕೊಂಡು ನಿಂತಿದ್ದರು, ನನ್ನನ್ನು ತಡೆಯಲೋ ಏನೋ.

"ಇದನ್ನ ಸ್ವಲ್ಪ ಹಿಡೀರಿ, ಅಜ್ಜಾರ," ಅಂದು ಆ ಕೈಗಳ ಮೇಲೆ ತೆರೆಯನ್ನು ಹಾಕಿದೆ.

ಯೋಚನೆ ಮಾಡುವ ಮೊದಲೇ ಹಿಡಿದುಬಿಟ್ಟರು. ನಾನು ಬಾಗಿಲಿಗೆ ಹೋಗಿ ಮೊದಲಿನಿಂದ ಶುರು ಮಾಡಿದೆ. ನಾನು ಹೇಳಿದ ಹಾಗೆ ಅಪ್ಪ ಒಂದೊಂದನ್ನೇ ಎತ್ತಿ ನಿಲ್ಲಿಸುತ್ತ ಬಂದರು. ನಾನು ಯಾವುದನ್ನೂ ಬಿಡಲಿಲ್ಲ, ಯಾರ ಹೆಸರನ್ನೂ ನುಂಗಲಿಲ್ಲ. ಮಹಾಪವಿತ್ರಸ್ಥಾನಕ್ಕೆ ಕೈ ಹಾಕಿ ಮಂಜೂಷವನ್ನು ಹೊರಗೆ ತೆಗೆದು, ಹೆಂಗಸರ ಚಾಪೆಯ ಹತ್ತಿರ ಒಯ್ದು, ಅವರೆಲ್ಲರೂ ಬಗ್ಗಿ ನೋಡುವವರೆಗೆ ಹಿಡಿದು ನಿಂತೆ. ಬಹಳ ಹೊತ್ತು ಹೇಳಿದೆ. ಯೋಹಾನಪ್ಪನವರು ಅಷ್ಟೂ ಹೊತ್ತು ತೆರೆ ಹಿಡಿದುಕೊಂಡು ನಿಂತೇ ಇದ್ದರು. ಕೂಡ್ರಿ ಅಂತ ನಾನು ಅನ್ನಲಿಲ್ಲ.